ಅಜ್ಜಿ ಇರಲಿ, ಟಾಕೊ ಬೇಡ: ಲಾಟಿನೊಗಳಿಗೆ ಸಿಗರೇಟು ಬಿಡಿಸುವ ಪಾಠ, ನನಗೆ ಅರ್ಥವಾದ ಹಾಗೆ

ಕಳೆದ ವಾರದ ಅಸೈನ್‌ಮೆಂಟಿಗೆ ನನಗೆ 20ಕ್ಕೆ 9 ಬಂತು. ಪ್ರಶ್ನೆ ಇಷ್ಟೇ: ಅಮೆರಿಕದಲ್ಲಿರುವ ಲಾಟಿನೊ ಸಮುದಾಯಕ್ಕೆ ಒಪ್ಪುವ ಹಾಗೆ ಸಿಗರೇಟು ಬಿಡಿಸುವ ಒಂದು ಕಾರ್ಯಕ್ರಮವನ್ನು ಹೊಂದಿಸಿ ಬರೆಯಿರಿ. ಕೈಪಿಡಿಯನ್ನು ಸ್ಪ್ಯಾನಿಷಿಗೆ ಅನುವಾದ ಮಾಡಿಸಬೇಕು, ಮುಖಪುಟಕ್ಕೆ ಅಜ್ಜಿ ಮೊಮ್ಮಕ್ಕಳ ಫೋಟೊ ಹಾಕಬೇಕು, ಒಳಗೆ ಟಾಕೊ ತಿನ್ನುವ ಕುಟುಂಬದ ಚಿತ್ರ ಇರಬೇಕು ಅಂತೆಲ್ಲ ಬರೆದಿದ್ದೆ. ಬಣ್ಣ ಯಾವುದಿರಬೇಕು ಅಂತಲೂ ಬರೆದಿದ್ದೆ! ಮೇಡಂ ಕೊನೆಯ ಪುಟದಲ್ಲಿ ಒಂದೇ ಸಾಲು ಗೀಚಿದ್ದರು: "ಇದೆಲ್ಲ ಮೇಲ್ಪದರ. ಒಳಪದರ ಎಲ್ಲಿ?"

ಆ ಒಂದು ಸಾಲು ಅರ್ಥವಾಗಲು ನನಗೆ ನಾಲ್ಕು ದಿನ ಬೇಕಾಯಿತು. ತಲೆಯಲ್ಲಿ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ನಿಕೋಟಿನ್ ಹೇಗೆ ಚಟ ಹಿಡಿಸುತ್ತದೆ ಎಂಬುದೆಲ್ಲ ಇಲ್ಲಿಲ್ಲ, ಅದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ.

ಯಾರು ಈ ಲಾಟಿನೊಗಳು

"ಲಾಟಿನೊ" ಎಂಬುದು ಒಂದೇ ಜನ ಅಲ್ಲ. ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ, ಎಲ್ಲ ಕಡೆಯ ಮೂಲದವರೂ ಈ ಒಂದೇ ಹೆಸರಿನ ಕೆಳಗೆ ಬರುತ್ತಾರೆ. ಉತ್ತರ ಭಾರತದಲ್ಲಿ ನಮ್ಮನ್ನೆಲ್ಲ ಒಟ್ಟಿಗೆ "ಮದ್ರಾಸಿ" ಅಂದರೆ ಹೇಗಿರುತ್ತದೆ? ಹಾಗೆ.

ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊ, ಈ ನಾಲ್ಕು ಕಡೆ 2008ರಿಂದ 2011ರವರೆಗೆ 16,415 ಲಾಟಿನೊ ವಯಸ್ಕರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅದರಲ್ಲಿ ಪೋರ್ಟೊರಿಕೊ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 35 ಮಂದಿ ಸೇದುತ್ತಿದ್ದರು. ಡೊಮಿನಿಕನ್ ಗಂಡಸರಲ್ಲಿ ಸುಮಾರು 11 ಮಂದಿ. ಸರಾಸರಿ ತೆಗೆದು "ಲಾಟಿನೊಗಳು ಕಡಿಮೆ ಸೇದುತ್ತಾರೆ" ಎಂದುಬಿಟ್ಟರೆ ಆ 35 ಜನ ಕಣ್ಣಿಗೇ ಬೀಳುವುದಿಲ್ಲ.

ನನ್ನ ಟಾಕೊ ಚಿತ್ರ ಇಲ್ಲೇ ಬಿದ್ದುಹೋಯಿತು. ಟಾಕೊ ಮೆಕ್ಸಿಕೊದ ತಿಂಡಿ. ಮಯಾಮಿಯ ಕ್ಯೂಬನ್ ಅಜ್ಜನಿಗೆ ಅದನ್ನು ತೋರಿಸಿ "ಇದು ನಿಮ್ಮ ಸಂಸ್ಕೃತಿ" ಎನ್ನುವುದು, ಮಂಗಳೂರಿನವರ ಮುಂದೆ ಜೋಳದ ರೊಟ್ಟಿ ಇಟ್ಟು "ನಿಮ್ಮ ಊರಿನ ಊಟ" ಎಂದ ಹಾಗೆ.

ಮೇಲ್ಪದರ, ಒಳಪದರ: ನಾನು ಎಡವಿದ ಜಾಗ

ಕೆನ್ ರೆಸ್ನಿಕೊ ಮತ್ತು ಜೊತೆಗಾರರು 1999ರಲ್ಲಿ ಈ ವಿಂಗಡಣೆ ಮಾಡಿದರು. ಆರೋಗ್ಯ ಕಾರ್ಯಕ್ರಮವನ್ನು ಒಂದು ಸಮುದಾಯಕ್ಕೆ ಹೊಂದಿಸುವಾಗ ಎರಡು ಪದರ ಇರುತ್ತವೆ. ಮೇಲ್ಪದರ ಎಂದರೆ ಕಣ್ಣಿಗೆ ಕಿವಿಗೆ ಸಿಗುವುದು: ಭಾಷೆ, ಮುಖಗಳು, ಊಟ, ಹಾಡು, ಬಟ್ಟೆ. ಒಳಪದರ ಎಂದರೆ ಆ ಜನರಲ್ಲಿ ಒಂದು ನಡವಳಿಕೆಯನ್ನು ಹಿಡಿದಿಟ್ಟಿರುವ ಕಾರಣಗಳು: ಮೌಲ್ಯ, ನಂಬಿಕೆ, ಬದುಕಿನ ಸ್ಥಿತಿ, ಇತಿಹಾಸ. ಮೇಲ್ಪದರ ಸರಿಯಿದ್ದರೆ ಜನ ಕಿವಿಗೊಡುತ್ತಾರೆ. ಒಳಪದರ ಸರಿಯಿದ್ದರೆ ಕೇಳಿದ್ದು ಕೆಲಸ ಮಾಡುತ್ತದೆ.

ಓದುವಾಗ ಸುಲಭ ಅನ್ನಿಸಿತು. ನಾನು ಸಿಕ್ಕಿಬಿದ್ದದ್ದು "ಫಮಿಲಿಸ್ಮೊ" ಎಂಬಲ್ಲಿ. ಕುಟುಂಬವೇ ಮೊದಲು ಎಂಬ ಲಾಟಿನೊ ಮೌಲ್ಯಕ್ಕೆ ಇಟ್ಟ ಹೆಸರು ಅದು. ಎಲ್ಲ ಪುಸ್ತಕವೂ ಇದನ್ನು ಒಳಪದರಕ್ಕೆ ಸೇರಿಸುತ್ತದೆ. ನನ್ನ ವಾದ ಹೀಗಿತ್ತು: ಕುಟುಂಬ ಒಳಪದರದ್ದು, ನಾನು ಕುಟುಂಬದ ಫೋಟೊ ಹಾಕಿದ್ದೇನೆ, ಹಾಗಾದರೆ ನನ್ನದೂ ಒಳಪದರವೇ ಅಲ್ವಾ?

ಅಲ್ಲ. ನಿಧಾನವಾಗಿ ಬಿಡಿಸುತ್ತೇನೆ, ಯಾಕೆಂದರೆ ನನಗೆ ಬೇಕಿದ್ದದ್ದು ಇದೇ, ಯಾರೂ ಬಿಡಿಸಿ ಹೇಳಲಿಲ್ಲ.

ಫೋಟೊ ಕುಟುಂಬವನ್ನು ತೋರಿಸುತ್ತದೆ. ಕುಟುಂಬದಿಂದ ಕೆಲಸ ತೆಗೆಸುವುದಿಲ್ಲ. ಮಾಮೂಲಿ ಇಂಗ್ಲಿಷ್ ಕೈಪಿಡಿ ತೆಗೆದುಕೊಳ್ಳಿ. ಅದು ಒಬ್ಬ ಒಂಟಿ ಮನುಷ್ಯನಿಗೆ ಬರೆದ ಪತ್ರದಂತಿರುತ್ತದೆ: ನೀನು ಯಾಕೆ ಬಿಡಬೇಕು, ನಿನ್ನ ದೇಹ, ನಿನ್ನ ದುಡ್ಡು, ಬಿಟ್ಟ ಮೇಲೆ ನಿನಗಾಗುವ ಚಡಪಡಿಕೆ. ಅದಕ್ಕೆ ನನ್ನ ಅಜ್ಜಿಯ ಫೋಟೊ ಅಂಟಿಸಿದರೆ, ಒಳಗಿರುವವನು ಅದೇ ಒಂಟಿ ಮನುಷ್ಯ.

ಈಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೆರಾರ್ಡೊ ಮರಿನ್, ಎಲಿಸೆಯೊ ಪೆರೆಸ್ ಸ್ಟೇಬಲ್ ಮತ್ತವರ ತಂಡ 1980ರ ದಶಕದಲ್ಲಿ ಏನು ಮಾಡಿತು ನೋಡಿ. ಅನುವಾದಕ್ಕೆ ಕೂರುವ ಮೊದಲು ಸೇದುವವರನ್ನೇ ಕೇಳಿದರು. ಸೇದುವುದರಿಂದ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಅನ್ನಿಸುತ್ತದೆ? ಲಾಟಿನೊಗಳು ಬಿಳಿಯರಿಗಿಂತ ಜಾಸ್ತಿ ತೂಕ ಕೊಟ್ಟದ್ದು ಮನೆಯ ಸಂಗತಿಗಳಿಗೆ: ಮಕ್ಕಳಿಗೆ ಕೆಟ್ಟ ಮಾದರಿಯಾಗುತ್ತೇನೆ, ಮಕ್ಕಳ ಆರೋಗ್ಯ ಕೆಡುತ್ತದೆ. ಆ ತಂಡದಿಂದ "ಗಿಯಾ ಪಾರಾ ದೆಹಾರ್ ದೆ ಫುಮಾರ್", ಅಂದರೆ ಸಿಗರೇಟು ಬಿಡುವ ಕೈಪಿಡಿ, ಸ್ಪ್ಯಾನಿಷಿನಲ್ಲಿ ಬಂತು. ಬಿಡಲು ಕೊಡುವ ಕಾರಣವೇ ಬದಲಾಯಿತು. ಒಳಪದರ ಅಂದರೆ ಇದು.

ನಾನು ಮಾಡಿಕೊಂಡ ಅಡ್ಡದಾರಿ: ಎಲ್ಲವನ್ನೂ ಇಂಗ್ಲಿಷಿಗೆ ಮರಳಿಸಿ, ಚಿತ್ರಗಳನ್ನೆಲ್ಲ ಅಳಿಸಿ. ಏನಾದರೂ ಉಳಿಯಿತೇ? ಉಳಿದದ್ದು ಒಳಪದರ. ನನ್ನ ಅಸೈನ್‌ಮೆಂಟಿಗೆ ಈ ಪರೀಕ್ಷೆ ಮಾಡಿದೆ. ಉಳಿದದ್ದು ಸೊನ್ನೆ. 9 ಕೊಟ್ಟದ್ದೇ ಮೇಡಂ ದೊಡ್ಡತನ.

ಇನ್ನೂ ಒಂದು ಮೆಟ್ಟಿಲಿದೆ. ಅದೇ ತಂಡದ ಫಾಬಿಯೊ ಸಬೊಗಲ್ ಮತ್ತು ಜೊತೆಗಾರರು 1987ರಲ್ಲಿ ಫಮಿಲಿಸ್ಮೊವನ್ನೇ ಮೂರು ಎಳೆಯಾಗಿ ಬಿಡಿಸಿದರು. ಒಂದು, ಮನೆಯವರಿಗೆ ನಾನು ಮಾಡಲೇಬೇಕಾದ ಕರ್ತವ್ಯ. ಎರಡು, ಕಷ್ಟ ಬಂದರೆ ಮನೆಯವರು ಕೈಹಿಡಿಯುತ್ತಾರೆ ಎಂಬ ಭರವಸೆ. ಮೂರು, ಹೇಗೆ ಬದುಕಬೇಕು ಎಂಬುದಕ್ಕೆ ಮನೆಯವರೇ ಅಳತೆಗೋಲು. ಅಮೆರಿಕದ ರೀತಿನೀತಿಗೆ ಒಗ್ಗಿಕೊಂಡಂತೆ ಮೊದಲನೆಯದೂ ಮೂರನೆಯದೂ ಸಡಿಲವಾಗುತ್ತವೆ. ಎರಡನೆಯದು ಗಟ್ಟಿಯಾಗಿಯೇ ಉಳಿಯುತ್ತದೆ.

ಇದನ್ನು ಓದಿ ನಾನು ಪೆನ್ನು ಕೆಳಗಿಟ್ಟೆ. ಅಲ್ಲೇ ಹುಟ್ಟಿ ಬೆಳೆದ ಹುಡುಗನಿಗೆ "ಅಪ್ಪ ಅಮ್ಮನ ಮರ್ಯಾದೆಗಾಗಿ ಬಿಡು" ಅಂದರೆ ಅಷ್ಟಾಗಿ ನಾಟದೇ ಹೋಗಬಹುದು. "ಮೊದಲ ವಾರ ತಡೆಯಲಾಗದಿದ್ದಾಗ ಅಕ್ಕನಿಗೆ ಫೋನ್ ಮಾಡು" ಅಂದರೆ ನಾಟಬಹುದು. ಎರಡೂ ಕುಟುಂಬವೇ, ಹಿಡಿದ ಎಳೆ ಮಾತ್ರ ಬೇರೆ. ಹಾಗಾಗಿ ಸುಮ್ನೆ "ಫಮಿಲಿಸ್ಮೊ ಬಳಸಿ" ಎಂದು ಬರೆದರೆ ಅರ್ಧ ಉತ್ತರ. ಯಾವ ಎಳೆ, ಯಾವ ತಲೆಮಾರಿಗೆ ಅಂತಲೂ ಹೇಳಬೇಕು.

ಬಿಡು ಅಲ್ಲ, ಬಿಡಿ

ನನಗೆ ತುಂಬ ಇಷ್ಟವಾದ ಭಾಗ ಇದು. ಅಮೆರಿಕದಲ್ಲಿ ಸಿಗರೇಟು ಬಿಡಲು ಸಹಾಯ ಮಾಡುವ ಸ್ಪ್ಯಾನಿಷ್ ಫೋನ್ ಸೇವೆಯ ಹೆಸರು "ದೇಹೆಲೊ ಯಾ". ನಂಬರನ್ನೇ ಆ ಅಕ್ಷರಗಳಲ್ಲಿ ಬರೆಯುತ್ತಾರೆ. "ಯಾ" ಎಂದರೆ ಈಗಲೇ. "ದೇಹೆಲೊ" ಎಂದರೆ ಅದನ್ನು ಬಿಡಿ. "ಬಿಡು" ಎನ್ನಬೇಕಿದ್ದರೆ "ದೇಹಲೊ" ಆಗುತ್ತಿತ್ತು. ಒಂದೇ ಸ್ವರದ ವ್ಯತ್ಯಾಸ.

ಸ್ಪ್ಯಾನಿಷಿನಲ್ಲಿ ನಮ್ಮ ಹಾಗೆಯೇ ಎರಡಿವೆ. "ತು" ಎಂದರೆ ನೀನು, "ಉಸ್ತೆದ್" ಎಂದರೆ ನೀವು. ಇಂಗ್ಲಿಷ್ ಮಾತ್ರ ಬಲ್ಲ ಸಹಪಾಠಿಗೆ ಇದನ್ನು ಅರ್ಥ ಮಾಡಿಸಲು ಹತ್ತು ನಿಮಿಷ ಬೇಕಾಯಿತು. ಕನ್ನಡದವರಿಗೆ ಹತ್ತು ಸೆಕೆಂಡು ಸಾಕು. ಅರವತ್ತು ದಾಟಿದವರಿಗೆ ಗೊತ್ತಿಲ್ಲದ ಹುಡುಗಿಯೊಬ್ಬಳು ಫೋನ್ ಮಾಡಿ "ಸಿಗರೇಟು ಬಿಡು" ಅಂದರೆ ಏನಾಗುತ್ತದೆ, ನಮ್ಮ ಮನೆಯ ಹಿರಿಯರನ್ನೇ ನೆನೆಸಿಕೊಳ್ಳಿ. ಫೋನ್ ಇಟ್ಟು, ಇನ್ನೊಂದು ಹಚ್ಚುತ್ತಾರೆ.

ಆದರೆ "ಯಾವಾಗಲೂ ಉಸ್ತೆದ್" ಎಂದು ಸೂತ್ರ ಮಾಡಿಕೊಳ್ಳಬೇಡಿ. ಲಾಟಿನೊಗಳಿಗಾಗಿಯೇ ಮಾಡಿದ ಮೊಬೈಲ್ ಮೆಸೇಜು ಕಾರ್ಯಕ್ರಮವೊಂದರ ಹೆಸರು "ದೆಸಿದೆತೆಕ್ಸ್ತೊ". "ದೆಸಿದೆತೆ" (ನಿರ್ಧಾರ ಮಾಡು) ಮತ್ತು "ತೆಕ್ಸ್ತೊ" (ಮೆಸೇಜು) ಎರಡನ್ನೂ ಬೆಸೆದ ಹೆಸರು. ಇಲ್ಲಿ "ನೀನು". ಜೇಬಿನೊಳಗೆ ಟಿಂಗ್ ಎನ್ನುವ ಮೆಸೇಜು ಗೆಳೆಯನ ದನಿಯಲ್ಲಿ ಬಂದರೇ ಚಂದ ಅಂತ ನನ್ನ ಊಹೆ. ಇನ್ನು ಕೋಸ್ಟರಿಕಾದಲ್ಲಿ ಗೆಳೆಯರೂ ಪರಸ್ಪರ "ಉಸ್ತೆದ್" ಎನ್ನುವುದುಂಟು. ನಮ್ಮಲ್ಲೂ ಅವ್ವನಿಗೆ "ನೀನು" ಎನ್ನುವ ಮನೆಯಿದೆ, "ನೀವು" ಎನ್ನುವ ಮನೆಯಿದೆ.

ಇಲ್ಲಿ ನನ್ನ ಅಡ್ಡದಾರಿ ಸ್ವಲ್ಪ ಕೈಕೊಡುತ್ತದೆ. ಇಂಗ್ಲಿಷಿಗೆ ಮರಳಿಸಿದರೆ ಉಸ್ತೆದ್ ಮಾಯ. ಹಾಗಾದರೆ ಅದು ಬರೀ ಮೇಲ್ಪದರವೇ? ಪದ ಮೇಲ್ಪದರ. ಅದರ ಹಿಂದಿರುವ "ರೆಸ್ಪೆತೊ", ಅಂದರೆ ಹಿರಿತನಕ್ಕೆ ಕೊಡುವ ಮರ್ಯಾದೆ, ಒಳಪದರ. ಮೊದಲು ಮನೆಮಂದಿಯ ಕ್ಷೇಮ ವಿಚಾರಿಸುವುದು, ಆಮೇಲೆ ಸಿಗರೇಟಿನ ಮಾತು ತೆಗೆಯುವುದು, ಇದು ಇಂಗ್ಲಿಷಿನಲ್ಲೂ ಉಳಿಯುತ್ತದೆ. ಮಾತಿಗೆ ಮೊದಲು ಆ ಮನುಷ್ಯನ ಜೊತೆ ಒಂದು ನಂಟು ಬೆಳೆಸುವ ಈ ಗುಣಕ್ಕೆ "ಪರ್ಸೊನಲಿಸ್ಮೊ" ಎನ್ನುತ್ತಾರೆ. ಸಮುದಾಯದೊಳಗಿನವರೇ ಆದ "ಪ್ರೊಮೊತೊರಾ"ಗಳು ಮನೆಮನೆಗೆ ಹೋಗುವುದೂ ಇದೇ ಕಾರಣಕ್ಕೆ. ನಮ್ಮ ಆಶಾ ಕಾರ್ಯಕರ್ತೆಯರನ್ನು ಕಣ್ಣಮುಂದೆ ತಂದುಕೊಳ್ಳಿ, ಹೆಚ್ಚು ವಿವರಿಸಬೇಕಿಲ್ಲ.

ಸಿಂಪತಿಯಾ

ಚಿಕ್ಕದು, ಆದರೆ ಪರೀಕ್ಷೆಗೆ ಬರುವಂಥದ್ದು. ಎದುರಿಗಿರುವವರ ಮನಸ್ಸು ನೋಯಿಸದೆ ನಯವಾಗಿ ನಡೆದುಕೊಳ್ಳುವುದು ಸಿಂಪತಿಯಾ. ಸಲಹೆಗಾರರು "ಸೋಮವಾರ ಬಿಡುತ್ತೀರಾ?" ಅಂದರೆ "ಹೂಂ" ಎಂಬ ಉತ್ತರ ಬರಬಹುದು, ಅದು ಮರ್ಯಾದೆಯ ಹೂಂ ಇರಬಹುದು. ಮದುವೆಗೆ ಕರೆದವರಿಗೆ "ಖಂಡಿತ ಬರ್ತೀವಿ" ಅಂದ ಹಾಗೆ. ಆದ್ದರಿಂದ ಹೌದು ಇಲ್ಲ ಪ್ರಶ್ನೆ ಬಿಟ್ಟು, "ಸೋಮವಾರ ಬೆಳಿಗ್ಗೆ ಕಾಫಿ ಜೊತೆ ಏನು ಮಾಡ್ತೀರಿ?" ಎಂದು ಕೇಳುವುದು ವಾಸಿ.

"ನಾನು ಸೇದುವವನಲ್ಲ, ಯಾವಾಗಲಾದರೊಮ್ಮೆ"

ಲಾಟಿನೊಗಳಲ್ಲಿ ದಿನಕ್ಕೆ ಕೆಲವೇ ಸೇದುವವರು, ದಿನಾ ಸೇದದೆ ಕೆಲವು ದಿನ ಮಾತ್ರ ಸೇದುವವರು ಜಾಸ್ತಿ. ಹಳೆಯ ಕಾರ್ಯಕ್ರಮಗಳ ಲೆಕ್ಕವೆಲ್ಲ ದಿನಕ್ಕೊಂದು ಪ್ಯಾಕು ಸೇದುವವನ ಮೇಲೆ ನಿಂತಿದೆ. ವಾರಕ್ಕೊಮ್ಮೆ ಪಾರ್ಟಿಯಲ್ಲಿ ಸೇದುವವನು ಅದನ್ನು ಓದಿ "ಇದು ನನಗಲ್ಲ" ಎಂದು ಪಕ್ಕಕ್ಕಿಡುತ್ತಾನೆ. ಆದರೆ 2018ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯ ಪ್ರಕಾರ, ದಿನಕ್ಕೆ 20 ಸೇದುವವರಿಗೆ ಹೃದಯರೋಗದ ಎಷ್ಟು ಹೆಚ್ಚುವರಿ ಅಪಾಯವಿದೆಯೋ, ದಿನಕ್ಕೆ ಒಂದೇ ಸೇದುವವರಿಗೂ ಅದರ ಸುಮಾರು ಅರ್ಧದಷ್ಟಿದೆ. ಇಪ್ಪತ್ತರಲ್ಲಿ ಒಂದು ಪಾಲು ಅಂದುಕೊಂಡಿದ್ದೆ ನಾನು.

ಸಿಗರೇಟು ಬಿಡುವವರು ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪ್ಯಾಚಿನ ಲೆಕ್ಕವೂ ಬೇರೆ: ದಿನಕ್ಕೆ 10ಕ್ಕಿಂತ ಜಾಸ್ತಿ ಸೇದುವವರು 21 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ, 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 14ರಿಂದ.

ಮತ್ತೆ, ಎಲ್ಲವನ್ನೂ "ಸಂಸ್ಕೃತಿ" ಎಂಬ ಚೀಲಕ್ಕೆ ತುಂಬುವುದೂ ತಪ್ಪು. 2015ರ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಗರೇಟು ಬಿಡಬೇಕು ಎಂದವರು ಲಾಟಿನೊಗಳಲ್ಲೂ ಬಿಳಿಯರಲ್ಲೂ ನೂರಕ್ಕೆ ಸುಮಾರು 67. ಮನಸ್ಸು ಸಮ ಸಮ. ಆದರೆ ಹಿಂದಿನ ಒಂದು ವರ್ಷದಲ್ಲಿ ವೈದ್ಯರನ್ನೋ ದಾದಿಯರನ್ನೋ ಕಂಡು ಬಂದವರಲ್ಲೂ, ಬಿಡಿ ಎಂಬ ಮಾತು ಸಿಕ್ಕಿದ್ದು ಬಿಳಿಯರಲ್ಲಿ ನೂರಕ್ಕೆ 60 ಮಂದಿಗೆ, ಲಾಟಿನೊಗಳಲ್ಲಿ 42 ಮಂದಿಗೆ. ಅದರ ಮೇಲೆ ವಿಮೆ ಇಲ್ಲದವರು ಲಾಟಿನೊಗಳಲ್ಲಿ ಹೆಚ್ಚು. ವೈದ್ಯರ ಮುಂದೆ ಕೂರಲೇ ಆಗದವರಿಗೆ ಫಮಿಲಿಸ್ಮೊ ಕೊಟ್ಟು ಏನು ಪ್ರಯೋಜನ?

ಮೇಲ್ಪದರದ ಜಾಣತನ ಇನ್ನೂ ಯಾರಿಗೆ ಇತ್ತು ಗೊತ್ತಾ? ಸಿಗರೇಟು ಕಂಪನಿಗಳಿಗೆ. "ರಿಯೊ" (ನದಿ), "ದೊರಾದೊ" (ಹೊನ್ನಿನ ಬಣ್ಣ) ಎಂಬ ಸ್ಪ್ಯಾನಿಷ್ ಹೆಸರಿನ ಸಿಗರೇಟುಗಳನ್ನು ಲಾಟಿನೊಗಳಿಗೆ ಗುರಿಯಿಟ್ಟು ಮಾರಲು ತಂದಿದ್ದರೆಂದು 1998ರ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯ ಅಧಿಕಾರಿ) ವರದಿಯಲ್ಲಿದೆ. ನನ್ನ ಅಸೈನ್‌ಮೆಂಟು ಅವರ ಮಟ್ಟದಲ್ಲೇ ಇತ್ತು ಅನ್ನಿ.

ಕೆಲಸ ಮಾಡಿದೆಯಾ?

ಫ್ಲಾರಿಡಾದ ಮೊಫಿಟ್ ಕ್ಯಾನ್ಸರ್ ಕೇಂದ್ರದಲ್ಲಿ ವಾಣಿ ನಾಥ್ ಸಿಮನ್ಸ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. 1,417 ಸ್ಪ್ಯಾನಿಷ್ ಓದುಗರು. ಒಂದು ಗುಂಪಿಗೆ 18 ತಿಂಗಳ ಉದ್ದಕ್ಕೂ ಅಂಚೆಯಲ್ಲಿ ಲಾಟಿನೊಗಳಿಗೆಂದೇ ಹೊಂದಿಸಿದ ಪುಸ್ತಿಕೆಗಳು. ಇನ್ನೊಂದು ಗುಂಪಿಗೆ ಮೊದಲೇ ಇದ್ದ ಒಂದು ಸ್ಪ್ಯಾನಿಷ್ ಪುಸ್ತಿಕೆ ಮಾತ್ರ. ಎರಡು ವರ್ಷದ ಹೊತ್ತಿಗೆ ಸೇದದೆ ಇದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 33, ಎರಡನೆಯದರಲ್ಲಿ 24. ಪುಸ್ತಿಕೆಗಳ ಹೆಸರೇ ಹೇಳುತ್ತದೆ: ಸಿಗರೇಟಿನಿಂದ ಬಿಡುಗಡೆ, "ಪೊರ್ ಮಿ ಫಮಿಲಿಯಾ ಇ ಪೊರ್ ಮಿ". ನನ್ನ ಮನೆಯವರಿಗಾಗಿ, ನನಗಾಗಿ. ಮನೆಯವರು ಮೊದಲು ಬಂದಿದ್ದಾರೆ, ಗಮನಿಸಿ.

ಇಲ್ಲಿ ಇನ್ನೊಮ್ಮೆ ಜಾರಿದೆ. "ನೋಡಿ, ಸಂಸ್ಕೃತಿಗೆ ಹೊಂದಿಸಿದ್ದರಿಂದ ಗೆದ್ದಿತು" ಎಂದು ಬರೆದೆ. ಪಕ್ಕದಲ್ಲಿ ಕೂತ ಗೆಳತಿ ಕೇಳಿದಳು: ಒಂದು ಗುಂಪಿಗೆ ಒಂದು ಪುಸ್ತಿಕೆ, ಇನ್ನೊಂದಕ್ಕೆ ಒಂದೂವರೆ ವರ್ಷ ಪುಸ್ತಿಕೆ. ಗೆದ್ದದ್ದು ಸಂಸ್ಕೃತಿಯೋ, ಬಿಡದೆ ಕಳಿಸಿದ್ದೋ? ಸರಿಯಾದ ಮಾತು. ಈ ಹೋಲಿಕೆಯಿಂದ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. "ಇಡೀ ಕಾರ್ಯಕ್ರಮ ಒಟ್ಟಾಗಿ ಕೆಲಸ ಮಾಡಿತು" ಎನ್ನಬಹುದು, ಅಷ್ಟೇ.

ಕೊನೆಗೊಂದು ಚೂರು: ಅಮೆರಿಕದ ರೀತಿಗೆ ಒಗ್ಗಿದಂತೆಲ್ಲ ಲಾಟಿನೊ ಹೆಂಗಸರಲ್ಲಿ ಸೇದುವುದು ಹೆಚ್ಚುತ್ತದೆ. ಗಂಡಸರಲ್ಲಿ ಹಾಗೆ ಒಂದೇ ದಿಕ್ಕಿಲ್ಲ. ಇಬ್ಬರನ್ನೂ ಕೂಡಿಸಿ ಲೆಕ್ಕ ಹಾಕಿದರೆ ಹೆಂಗಸರ ಏರಿಕೆ ಮುಚ್ಚಿಹೋಗಬಹುದು. ಹೆಂಗಸರ ಲೆಕ್ಕ, ಗಂಡಸರ ಲೆಕ್ಕ ಬೇರೆ ಬೇರೆ ಬರೆಯಿರಿ.

ಅಸೈನ್‌ಮೆಂಟನ್ನು ನಿನ್ನೆ ರಾತ್ರಿ ತಿದ್ದಿದೆ. ಈಗ ನನ್ನ ಕಾರ್ಯಕ್ರಮ ಬ್ರಾಂಕ್ಸ್‌ನ ಪೋರ್ಟೊರಿಕೊ ಮೂಲದವರಿಗೆ ಮಾತ್ರ. ಸೇದುವವರ ಜೊತೆ ಮನೆಯ ಒಬ್ಬರು ಬರುತ್ತಾರೆ, ಮೊದಲ ಭೇಟಿಯ ಹತ್ತು ನಿಮಿಷ ಸಿಗರೇಟಿನ ಮಾತೇ ಇಲ್ಲ. ಅಜ್ಜಿಯ ಫೋಟೊ ಹಾಗೇ ಬಿಟ್ಟಿದ್ದೇನೆ, ಚೆನ್ನಾಗಿದೆ. ಟಾಕೊ ತೆಗೆದೆ.