ಕಾರವಾರ ಕೊಲ್ಲಿಗೆ ಗುಡ್ಡದ ಮರೆ

ಆಗಸ್ಟ್ ತಿಂಗಳಲ್ಲಿ ಭೂಗೋಳದ ವಿದ್ಯಾರ್ಥಿಗಳನ್ನು ಕಾರವಾರಕ್ಕೆ ಕರೆತಂದರೆ ಮೊದಲು ಬೈತಖೋಲದ ಧಕ್ಕೆಯಲ್ಲೇ ನಿಲ್ಲಿಸುತ್ತೇನೆ. ಟ್ರಾಲರ್‌ಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ನಡುವೆ ಕಟ್ಟಿದ ಹಳೆ ಟೈರು ಆಗೊಮ್ಮೆ ಈಗೊಮ್ಮೆ ಕಿರ್ ಅನ್ನುತ್ತದೆ, ಅಷ್ಟೆ. ಅದೇ ಹೊತ್ತಿಗೆ ಗುಡ್ಡದ ಆಚೆ ಮಗ್ಗುಲಲ್ಲಿ ಅಲೆ ಬಂಡೆಗೆ ಅಪ್ಪಳಿಸುತ್ತಿರುತ್ತದೆ. ಮುಂಗಾರಿನ ಅಲೆ ಬರುವುದು ನೈರುತ್ಯದಿಂದ. ಕೊಲ್ಲಿಯ ದಕ್ಷಿಣಕ್ಕೆ ಕಡಲೊಳಗೆ ಚಾಚಿದ ಈ ಗುಡ್ಡ ಅದಕ್ಕೆ ಅಡ್ಡ ನಿಂತಿದೆ. ಅಲೆ ಗುಡ್ಡದ ಮೂಗನ್ನು ಬಳಸಿ ಒಳಬರುವಷ್ಟರಲ್ಲಿ ಬಲ ಕಳೆದುಕೊಂಡಿರುತ್ತದೆ.

ಎದುರಿಗೆ ಕಾಣುವ ಕೂರ್ಮಗಡ, ದೇವಗಡ ದ್ವೀಪಗಳೂ ಗುಡ್ಡಗಳೇ. ಸುಮಾರು 20,000 ವರ್ಷಗಳ ಹಿಂದೆ ಕಡಲಮಟ್ಟ ಈಗಿನದಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಕೆಳಗಿತ್ತು. ಆಗ ಇಲ್ಲೆಲ್ಲ ಒಣನೆಲ. ಹಿಮ ಕರಗಿ ನೀರು ಏರಿದಾಗ ತಗ್ಗು ಮುಳುಗಿ, ನೆತ್ತಿಗಳಷ್ಟೇ ದ್ವೀಪವಾಗಿ ಉಳಿದವು.

ಹಡಗಿನವರನ್ನು ಇಲ್ಲಿಗೆ ಸೆಳೆದದ್ದರಲ್ಲಿ ಈ ಮರೆಯ ಪಾಲೂ ಇದೆ. ವಾಸ್ಕೋ ಡ ಗಾಮ 1498ರಲ್ಲಿ ಹತ್ತಿರದ ಅಂಜುದೀವ ದ್ವೀಪದಲ್ಲಿ ತಂಗಿದ. 1638ರಲ್ಲಿ ಇಂಗ್ಲಿಷರು ವ್ಯಾಪಾರದ ಕೋಠಿ ತೆರೆದರು. ಕಾಳಿ ನದಿಯ ಅಳಿವೆಯ ಉತ್ತರ ದಂಡೆಯಲ್ಲಿ ಸೋಂದೆಯ ಅರಸರು ಸದಾಶಿವಗಡ ಕೋಟೆ ಕಟ್ಟಿ ಬಾಗಿಲು ಕಾದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಧಾರವಾಡದ ಹತ್ತಿಗೆ ಒಳ್ಳೆಯ ಬಂದರು ಬೇಕೆಂಬ ಲೆಕ್ಕಾಚಾರವಿತ್ತು. 1864ರಲ್ಲಿ ದೇವಗಡದಲ್ಲಿ ದೀಪಸ್ತಂಭ ಎದ್ದಿತು. ಆದರೆ ಘಟ್ಟ ಇಳಿದ ರೈಲು ಮರ್ಮಗೋವಾಕ್ಕೆ ಹೋಯಿತು, ಸರಕೂ ಅದರ ಹಿಂದೆಯೇ ಹೋಯಿತು. ಹಾಗಾಗಿ 1883ರಲ್ಲಿ ನ್ಯಾಯಾಧೀಶ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಠಾಕೂರರು ಮನಸೋತ ಈ ಕಿನಾರೆ ಮತ್ತೊಂದು ಮುಂಬಯಿ ಆಗಲಿಲ್ಲ.

ಈಗ ಠಾಕೂರರ ಹೆಸರಿರುವ ಆ ಮರಳದಂಡೆಯ ಬಗ್ಗೆಯೇ ನನಗೆ ಚಿಂತೆ. ದಕ್ಷಿಣಕ್ಕೆ ಅರ್ಗಾ ಕಡೆಯ ಕಿನಾರೆ ನೌಕಾನೆಲೆಗೆ ಹೋಯಿತು, ಅಲ್ಲಿನ ಮೀನುಗಾರರು ಎದ್ದು ಬರಬೇಕಾಯಿತು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆಂದು ಇಲ್ಲೂ ಅಲೆತಡೆಗೋಡೆಯ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದರು. ಅವರ ಆತಂಕಕ್ಕೆ ಶಾಸ್ತ್ರದ ಆಧಾರವೂ ಇದೆ. ಕಾಳಿ ತಂದು ಸುರಿಯುವ ಮರಳನ್ನು ಅಲೆಯೂ ಕಡಲ ಹರಿವೂ ದಂಡೆಯುದ್ದಕ್ಕೆ ಹಂಚುತ್ತವೆ. ನಡುವೆ ಗೋಡೆ ಬಂದರೆ ಒಂದು ಕಡೆ ಮರಳು ತುಂಬುತ್ತದೆ, ಇನ್ನೊಂದು ಕಡೆ ದಂಡೆ ಕೊರೆಯುತ್ತದೆ. ರಂಪಣಿ ಬಲೆಗೆ ಬೇಕಾದದ್ದು ಉದ್ದನೆಯ, ತಡೆಯಿಲ್ಲದ ದಂಡೆ. ದೋಣಿ ಬಲೆಯನ್ನು ಅರ್ಧಚಂದ್ರವಾಗಿ ಬಿಟ್ಟು ಬಂದ ಮೇಲೆ ಎರಡು ಸಾಲು ಜನ ಹಿಮ್ಮಡಿ ಮರಳಲ್ಲಿ ಊರಿ, ಹಿಂದೆ ಹಿಂದೆ ಸರಿಯುತ್ತ ಹಗ್ಗ ಎಳೆಯುತ್ತಾರೆ. ಆ ಹೆಜ್ಜೆಗಳಿಗೆ ಜಾಗ ಬೇಕು.