ಹಾಸನ ಕೇಳಿದ ಪ್ರಶ್ನೆಗೆ ದಾಖಲೆಗಳು ಏಕೆ ಉತ್ತರಿಸಲಿಲ್ಲ

2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೆಸರು ನಾಡಿನಾದ್ಯಂತ ಒಂದೇ ಕಾರಣಕ್ಕೆ ಕೇಳಿಬಂತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಅವರಲ್ಲಿ ಚಿಕ್ಕ ಪ್ರಾಯದವರೂ ಇದ್ದುದರಿಂದ ಮನೆಮನೆಯಲ್ಲಿ ಭಯ ಹೊಕ್ಕಿತು. ಎದೆಯಲ್ಲಿ ಸಣ್ಣ ಉರಿ ಕಾಣಿಸಿಕೊಂಡವರೂ ಏನೂ ಇಲ್ಲದವರೂ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆಗ ಎಲ್ಲರೂ ಕೇಳಿದ ಪ್ರಶ್ನೆ ಸರಳವಾಗಿತ್ತು: ಹಾಸನದಲ್ಲಿ ಇಂತಹ ಸಾವುಗಳು ನಿಜವಾಗಿಯೂ ಹೆಚ್ಚಿವೆಯೇ, ಅಥವಾ ಮೊದಲಿನಿಂದಲೂ ಇಷ್ಟೇ ಇದ್ದು ಈಗ ಕಣ್ಣಿಗೆ ಬಿದ್ದಿವೆಯೇ?

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ ನಾಲ್ಕಕ್ಕೆ ಹೃದಯದ ಸಂಬಂಧವೇ ಇಲ್ಲವೆಂದು ಹೇಳಿತು. ಉಳಿದ 20ರಲ್ಲಿ ಕೆಲವಕ್ಕೆ ಮರಣೋತ್ತರ ಪರೀಕ್ಷೆಯ ವರದಿ, ಹಳೆಯ ಇಸಿಜಿ ಅಥವಾ ಆಂಜಿಯೋಗ್ರಾಂನ ಆಧಾರವಿತ್ತು. ಮಿಕ್ಕವನ್ನು ಸಂಭವನೀಯ ಹೃದಯ ಸಂಬಂಧಿ ಸಾವುಗಳೆಂದು ಪರಿಗಣಿಸಬೇಕಾಯಿತು. ಅಸಹಜ ಏರಿಕೆ ಕಂಡುಬಂದಿಲ್ಲ ಎಂಬುದು ಸಮಿತಿಯ ತೀರ್ಮಾನ. ಅದನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಆ ತೀರ್ಮಾನಕ್ಕೆ ಬರಲು ಪರಿಣತರ ವಿಶೇಷ ತಂಡವೊಂದು ಜಿಲ್ಲೆಯ ಸಾವುಗಳನ್ನು ಒಂದೊಂದಾಗಿ ಕೆದಕಬೇಕಾಯಿತು ಎಂಬುದನ್ನು ಗಮನಿಸಬೇಕು. ದಶಕಗಳಿಂದ ಬರೆದಿಟ್ಟ ರಿಜಿಸ್ಟರುಗಳು, ಹತ್ತು ಹಲವು ಪೋರ್ಟಲ್‌ಗಳು, ಆಶಾ ಕಾರ್ಯಕರ್ತೆಯರ ಕೈಯಲ್ಲಿರುವ ಮೊಬೈಲ್ ಇವೆಲ್ಲ ಇದ್ದೂ ಉತ್ತರ ಅಲ್ಲಿಂದ ನೇರವಾಗಿ ಸಿಗಲಿಲ್ಲ. ಇದು ಒಂದು ವರ್ಷದಲ್ಲಿ ಆದದ್ದಲ್ಲ.

ಮೈಸೂರು ಸಂಸ್ಥಾನ 1920ರ ದಶಕದ ಕೊನೆಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆದಾಗ, ಒಂದು ಪ್ರದೇಶದ ಜನರನ್ನು ಒಟ್ಟಾಗಿ ನೋಡಿಕೊಳ್ಳುವ ಕಲ್ಪನೆ ಇಲ್ಲಿ ಬೇರೂರಿತು. 1946ರ ಭೋರ್ ಸಮಿತಿ ವರದಿ ಅದನ್ನೇ ದೇಶಕ್ಕೆಲ್ಲ ವಿಸ್ತರಿಸಿ, ಚಿಕಿತ್ಸೆ ಮತ್ತು ರೋಗ ತಡೆ ಎರಡೂ ಒಂದೇ ಸೂರಿನಡಿ ಇರಬೇಕೆಂದಿತು. ಆದರೆ ಸ್ವಾತಂತ್ರ್ಯಾನಂತರ ಹಣ ಮತ್ತು ಆತುರ ಎರಡೂ ಹರಿದದ್ದು ಒಂದೊಂದು ರೋಗದ ಹಿಂದೆ: 1953ರಲ್ಲಿ ಮಲೇರಿಯಾ, 1962ರಲ್ಲಿ ಕ್ಷಯ ಮತ್ತು ಸಿಡುಬು, ಜೊತೆಗೆ ಕುಟುಂಬ ಯೋಜನೆ. ಪ್ರತಿ ಕಾರ್ಯಕ್ರಮಕ್ಕೂ ತನ್ನದೇ ಸಿಬ್ಬಂದಿ, ತನ್ನದೇ ನಮೂನೆ ಇತ್ತು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಪತ್ತೆಯಾಗಿ, ಮುಂದೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರಗಳ ಕಾಡಂಚನ್ನೂ ಕಾಡಿದ ಮಂಗನ ಕಾಯಿಲೆಗೂ ಬೇರೆಯದೇ ಲೆಕ್ಕ ಬಂತು. ಹೀಗೆ ಒಂದೇ ಮನೆಯ ಜನ ಐದಾರು ಪುಸ್ತಕಗಳಲ್ಲಿ ಐದಾರು ಬೇರೆ ವ್ಯಕ್ತಿಗಳಂತೆ ಹಂಚಿಹೋದರು.

ಅದೇ ಕಾಲದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಸಣ್ಣ ಪಟ್ಟಣದಲ್ಲಿ ನಡೆದ ಕೆಲಸವನ್ನು ಇಲ್ಲಿ ಹೇಳಲೇಬೇಕು. 1948ರಲ್ಲಿ ಅಲ್ಲಿನ 5,209 ಸ್ತ್ರೀಪುರುಷರನ್ನು ಸೇರಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಅವರನ್ನು ತಪಾಸಿಸಿ, ಅವರ ರಕ್ತದೊತ್ತಡ ಮತ್ತು ಕೊಲೆಸ್ಟೆರಾಲ್ ಜೊತೆಗೆ ಸಿಗರೇಟು ಸೇದುವ ಅಭ್ಯಾಸ ಮೊದಲಾದ ದಿನನಿತ್ಯದ ಸಂಗತಿಗಳನ್ನೂ ಬರೆದಿಡುತ್ತ ಬಂದರು. ಹೃದ್ರೋಗಕ್ಕೆ ಅಪಾಯದ ಅಂಶಗಳಿವೆ ಎಂಬ ಇಂದಿನ ಸಾಮಾನ್ಯ ತಿಳಿವಳಿಕೆ ಬಹುಮಟ್ಟಿಗೆ ಹುಟ್ಟಿದ್ದು ಆ ಪುಸ್ತಕಗಳಿಂದ. ಅಲ್ಲಿ ಸಾಧ್ಯವಾದದ್ದಕ್ಕೆ ಕಾರಣ ದೊಡ್ಡ ಯಂತ್ರವಲ್ಲ. ಒಬ್ಬ ಮನುಷ್ಯನನ್ನು ಕಾಯಿಲೆ ಬರುವ ಮೊದಲೂ ಬಂದ ಮೇಲೂ ಒಂದೇ ದಾಖಲೆಯಲ್ಲಿ ಹಿಂಬಾಲಿಸಿದ್ದು. ಮುಂದೆ 1977ರಲ್ಲಿ ಜಾರ್ಜ್ ಎಂಗೆಲ್ ಎಂಬ ವೈದ್ಯ, ರೋಗಿಯ ದೇಹದೊಂದಿಗೆ ಮನಸ್ಸು ಮತ್ತು ಸಾಮಾಜಿಕ ಸ್ಥಿತಿಯನ್ನೂ ಚಿಕಿತ್ಸೆಯ ಭಾಗವಾಗಿ ಕಾಣಬೇಕೆಂದು ವಾದಿಸಿದರು. 1978ರ ಅಲ್ಮಾ ಆಟಾ ಅಂತರರಾಷ್ಟ್ರೀಯ ಸಮ್ಮೇಳನದ ಘೋಷಣೆ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಎಂದು ಸಾರಿತು. ಭಾರತ ಸಹಿ ಹಾಕಿತು. ಸಮಗ್ರ ಆರೋಗ್ಯ ಎಂಬ ಮಾತು ಭಾಷಣಗಳಿಗೆ ಬಂದರೂ ನಮೂನೆಗಳಿಗೆ ಬರಲಿಲ್ಲ.

ಕಾಫಿ ಸೀಮೆಯಲ್ಲಿ ಇನ್ನೊಂದು ಧಾರೆ ಇತ್ತು. 1951ರ ತೋಟಗಾರಿಕಾ ಕಾರ್ಮಿಕರ ಕಾಯ್ದೆ ದೊಡ್ಡ ಎಸ್ಟೇಟುಗಳು ತಮ್ಮ ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂದು ಹೇಳಿತು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯ ಲೈನ್ ಮನೆಗಳಲ್ಲಿದ್ದವರ ಜ್ವರ, ಹೆರಿಗೆ, ಗಾಯಗಳು ಎಸ್ಟೇಟಿನ ಪುಸ್ತಕದಲ್ಲಿ ದಾಖಲಾಗುತ್ತಿದ್ದವು, ಸರ್ಕಾರಿ ಆಸ್ಪತ್ರೆಯ ಪುಸ್ತಕದಲ್ಲಲ್ಲ. ಇಂದು ಕೊಯ್ಲಿನ ಹೊತ್ತಿಗೆ ದೂರದ ಅಸ್ಸಾಂ ಕಡೆಯಿಂದಲೂ ಬಂದು ಕೆಲಸ ಮುಗಿಸಿ ಹೊರಡುವವರ ವಿಷಯದಲ್ಲಿ ಈ ಕೊಂಡಿ ಇನ್ನೂ ಸಡಿಲ. ಅವರ ಬಿಪಿ ಮಾತ್ರೆ ಯಾವಾಗ ನಿಂತಿತು ಎಂಬುದು ತಿಳಿಯುವುದು ಅವರು ಆಂಬುಲೆನ್ಸ್‌ನಲ್ಲಿ ಬಂದಾಗ.

ಈ ಕಥೆಯಲ್ಲಿ ಹೆಚ್ಚು ನಿಂತು ನೋಡಬೇಕಾದದ್ದು ಹಳ್ಳಿಯ ಆರೋಗ್ಯ ಉಪಕೇಂದ್ರದ ಮಟ್ಟದಲ್ಲಿ ನಡೆದ ಬದಲಾವಣೆಗಳನ್ನು. 1973ರ ಕರ್ತಾರ್ ಸಿಂಗ್ ಸಮಿತಿ, ರೋಗಕ್ಕೊಬ್ಬ ಕಾರ್ಯಕರ್ತನ ಬದಲು ಎಲ್ಲ ಕೆಲಸಕ್ಕೂ ಒಬ್ಬರಿರಲಿ ಎಂದಿತು. ಗುಡ್ಡಗಾಡಿನಲ್ಲಿ 3,000, ಬಯಲಿನಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ ಎಂಬ ಮಾನದಂಡ ಬಂತು. ಊರಿನವರು ಸಿಸ್ಟರ್ ಎಂದೇ ಕರೆಯುವ ಆರೋಗ್ಯ ಸಹಾಯಕಿ ಈ ವ್ಯವಸ್ಥೆಯ ಬೆನ್ನೆಲುಬಾದರು. ಕಾರ್ಯಕರ್ತೆ ಒಬ್ಬರೇ ಆದರು, ಪುಸ್ತಕಗಳು ಒಂದಾಗಲಿಲ್ಲ. ಅರ್ಹ ದಂಪತಿಗಳದ್ದು, ಗರ್ಭಿಣಿಯರದ್ದು, ಲಸಿಕೆಯದ್ದು, ಜನನ ಮರಣದ್ದು, ಕ್ಷಯದ್ದು, ದಾಸ್ತಾನಿನದ್ದು ಎಂದು ರಿಜಿಸ್ಟರುಗಳು ಬೆಳೆದವು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದು, ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆ ನೇಮಕವಾದಾಗ, ಊರಿನ ಬದುಕನ್ನು ಒಳಗಿನಿಂದ ಬಲ್ಲವರು ವ್ಯವಸ್ಥೆಗೆ ಸೇರಿದರು. ಯಾರ ಮನೆಯಲ್ಲಿ ಕುಡಿತವಿದೆ, ಯಾರ ಸೊಸೆಗೆ ಊಟ ಸರಿಯಿಲ್ಲ, ಯಾರು ಮಾತ್ರೆಯನ್ನು ಅರ್ಧ ತುಂಡು ಮಾಡಿ ನುಂಗುತ್ತಾರೆ ಎಂಬುದು ಅವರಿಗೆ ಗೊತ್ತು. ಆದರೆ ಅದನ್ನು ಬರೆಯಲು ಯಾವ ಪುಸ್ತಕದಲ್ಲೂ ಕಾಲಂ ಇರಲಿಲ್ಲ. ಮೇಲಿನ ಕಚೇರಿಗೆ ಬೇಕಿದ್ದದ್ದು ತಿಂಗಳ ಕೊನೆಯ ಸಂಖ್ಯೆ.

ಕಂಪ್ಯೂಟರು ಬಂದಾಗ ಈ ಸ್ವಭಾವ ಬದಲಾಗಬಹುದಿತ್ತು. 2008ರಲ್ಲಿ ರಾಷ್ಟ್ರಮಟ್ಟದ ಆರೋಗ್ಯ ಮಾಹಿತಿ ಪೋರ್ಟಲ್, ಅದರ ಬೆನ್ನಿಗೇ ತಾಯಿ ಮಕ್ಕಳ ಜಾಡು ಹಿಡಿಯುವ ವ್ಯವಸ್ಥೆ, 2012ರಲ್ಲಿ ಕ್ಷಯಕ್ಕಾಗಿ ನಿಕ್ಷಯ್, ಮುಂದೆ ತಾಯಿ ಮಕ್ಕಳ ಆರೋಗ್ಯಕ್ಕೆ ಆರ್‌ಸಿಎಚ್ ಪೋರ್ಟಲ್, ಬಿಪಿ, ಸಕ್ಕರೆಯಂತಹ ಅಸಾಂಕ್ರಾಮಿಕ ರೋಗಗಳಿಗೆ ಬೇರೆ ಆ್ಯಪ್, 2021ರಲ್ಲಿ ಕೋವಿಡ್ ಲಸಿಕೆಗೆ ಕೋವಿನ್, ಅದೇ ವರ್ಷ ಅಂಗನವಾಡಿಗಳಿಗೆ ಪೋಷಣ್ ಟ್ರ್ಯಾಕರ್ ಒಂದರ ಹಿಂದೊಂದು ಬಂದವು. ಪ್ರತಿಯೊಂದೂ ತನ್ನ ಕೆಲಸವನ್ನು ಮಾಡಿದೆ. ತಾಯಿ ಕಾರ್ಡ್ ಸಂಖ್ಯೆಯಿಂದ ಗರ್ಭಿಣಿಯೊಬ್ಬಳ ತಪಾಸಣೆ ತಪ್ಪಿದ್ದನ್ನು ಗುರುತಿಸಲು ಸಾಧ್ಯವಾದದ್ದು ಸಣ್ಣ ಸಾಧನೆಯಲ್ಲ. ಆದರೆ ಹಳೆಯ ರಿಜಿಸ್ಟರಿನ ಗೆರೆಗಳೇ ಪರದೆಯ ಮೇಲೂ ಮೂಡಿದವು. ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನವನ್ನೂ ಪೋರ್ಟಲ್ ನಮೂದಿಗೆ ಕಟ್ಟಿಹಾಕಲಾಯಿತು. ಮಾಡಿದ ಕೆಲಸ ನಮೂದಾಗದಿದ್ದರೆ ಹಣವಿಲ್ಲ ಎಂಬ ಸ್ಥಿತಿಯ ವಿರುದ್ಧ ಅವರು ವರ್ಷಗಳಿಂದ ದನಿಯೆತ್ತಿದ್ದಾರೆ, 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾತ್ರಿಗಳನ್ನೂ ಕಳೆದರು. ಮಳೆಗಾಲದ ಮಲೆನಾಡಿನಲ್ಲಿ ನೆಟ್‌ವರ್ಕ್ ಸಿಗುವ ದಿಣ್ಣೆ ಹುಡುಕಿ ನಡೆಯುವವರ ಈ ಬೇಡಿಕೆ ಕೂಲಿಯದ್ದಷ್ಟೇ ಎಂದು ನೋಡುವುದು ಸರಿಯಲ್ಲ. ಯಾವುದಕ್ಕೆ ಹಣ ಸಿಗುತ್ತದೋ ಅದೇ ದಾಖಲಾಗುವ ವ್ಯವಸ್ಥೆಯಲ್ಲಿ ದಾಖಲೆಯ ಗುಣವೂ ಅದರಂತೆಯೇ ಇರುತ್ತದೆ.

ಇದಕ್ಕೆ ಒಂದು ಗೌರವಾರ್ಹ ಅಪವಾದವಿದೆ. 30 ವರ್ಷ ದಾಟಿದವರ ಬಿಪಿ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ತಪಾಸಣೆಗೆ ಮೊದಲು ಆಶಾ ಕಾರ್ಯಕರ್ತೆ ಮನೆಯಲ್ಲೇ ತುಂಬುವ ಸಮುದಾಯ ಆಧಾರಿತ ಪರಿಶೀಲನಾ ನಮೂನೆ ಅದು. ವಯಸ್ಸೆಷ್ಟು, ತಂಬಾಕು ಉಂಟೇ, ದಿನವೂ ಕುಡಿತವೇ, ಸೊಂಟದ ಸುತ್ತಳತೆ ಎಷ್ಟು, ವಾರಕ್ಕೆ 150 ನಿಮಿಷ ಮೈ ದಣಿಯುವ ಚಟುವಟಿಕೆ ಇದೆಯೇ, ಮನೆತನದಲ್ಲಿ ಬಿಪಿ, ಸಕ್ಕರೆ, ಹೃದ್ರೋಗ ಉಂಟೇ ಎಂಬ ಆರು ಪ್ರಶ್ನೆಗಳಿಗೆ ಅಂಕ ಕೊಟ್ಟು, ನಾಲ್ಕಕ್ಕಿಂತ ಹೆಚ್ಚು ಬಂದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಅಡುಗೆಗೆ ಯಾವ ಉರುವಲು, ಕೆಲಸದ ಜಾಗದಲ್ಲಿ ಹೊಗೆ ಇದೆಯೇ, ಇತ್ತೀಚೆಗೆ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸುತ್ತಿದೆಯೇ ಎಂದೂ ಅದು ಕೇಳುತ್ತದೆ. ಸರ್ಕಾರಿ ಕಾಗದವೊಂದು ಮನುಷ್ಯನ ಒಲೆಯನ್ನೂ ಮನಸ್ಸನ್ನೂ ಒಟ್ಟಿಗೆ ವಿಚಾರಿಸಿದ್ದು ಅಪರೂಪ. ಇಂತಹ ನಮೂನೆಯನ್ನು ನಿಧಾನವಾಗಿ ಕೂತು, ಮಾತು ಬೆಳೆಸಿ ತುಂಬಬೇಕು. ಒಂದು ನಮೂನೆಗೆ ನಿಗದಿಯಾದ ಪ್ರೋತ್ಸಾಹಧನ 10 ರೂಪಾಯಿ. ಸೊಂಟದ ಅಳತೆ ಟೇಪಿನಿಂದ ಬಂದಿತೋ ಅಂದಾಜಿನಿಂದ ಬಂದಿತೋ ಎಂಬುದನ್ನು ಆ ದರವೇ ಬಹಳಷ್ಟು ನಿರ್ಧರಿಸುತ್ತದೆ.

ಆಯುಷ್ ಪದ್ಧತಿಗಳು ತಮ್ಮದು ಮೊದಲಿನಿಂದಲೂ ಸಮಗ್ರ ದೃಷ್ಟಿ ಎನ್ನುತ್ತವೆ. ಹಾಸನದಲ್ಲಿ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ದಶಕಗಳಿಂದ ಇವೆ, ಜನ ಧಾರಾಳವಾಗಿ ಹೋಗುತ್ತಾರೆ. 2014ರಲ್ಲಿ ಆಯುಷ್‌ಗೆ ಪ್ರತ್ಯೇಕ ಸಚಿವಾಲಯವಾಯಿತು. 2024ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಯುರ್ವೇದ, ಸಿದ್ಧ, ಯುನಾನಿ ರೋಗನಾಮಗಳನ್ನು ತನ್ನ ಅಂತರರಾಷ್ಟ್ರೀಯ ವರ್ಗೀಕರಣದ ಹೊಸ ಭಾಗವಾಗಿ ಬಿಡುಗಡೆ ಮಾಡಿತು. ಕಾಗದದ ಮೇಲೆ ಎರಡು ಪದ್ಧತಿಗಳು ಮಾತನಾಡಿಕೊಳ್ಳುವ ದಾರಿ ಹೀಗೆ ತೆರೆದಿದೆ. ಮನೆಯಲ್ಲಿ ಮಾತ್ರ ಬೆಳಿಗ್ಗೆ ಬಿಪಿ ಮಾತ್ರೆ, ರಾತ್ರಿ ಕಷಾಯ ತೆಗೆದುಕೊಳ್ಳುವವರು ಅದನ್ನು ಇಬ್ಬರು ವೈದ್ಯರಿಗೂ ಹೇಳುವುದಿಲ್ಲ. ಬೈಯುತ್ತಾರೆಂಬ ಅಂಜಿಕೆ ಅದಕ್ಕೆ ಕಾರಣ, ಮರೆವಲ್ಲ.

ಹೀಗಾಗಿ ನಮ್ಮ ಕಡೆಯ ಕುಟುಂಬಗಳ ನಿಜವಾದ ಆರೋಗ್ಯ ದಾಖಲೆ ಇಂದಿಗೂ ಬೀರುವಿನಲ್ಲಿರುವ ಪ್ಲಾಸ್ಟಿಕ್ ಕವರು. ಅದರಲ್ಲಿ ಲ್ಯಾಬ್ ವರದಿ, ಔಷಧಿ ಚೀಟಿ, ಡಿಸ್ಚಾರ್ಜ್ ಸಮ್ಮರಿ ಎಲ್ಲ ಇರುತ್ತವೆ, ದಿನಾಂಕದ ಕ್ರಮ ಮಾತ್ರ ಇರುವುದಿಲ್ಲ. ಎದೆನೋವಿನ ಹೊತ್ತಿಗೆ ವೈದ್ಯರು ಮೊದಲು ಕೇಳುವುದು ಹಳೆಯ ಇಸಿಜಿಯನ್ನು, ಏಕೆಂದರೆ ಇಂದಿನ ಗೆರೆ ಹೊಸ ಬದಲಾವಣೆಯೋ ಹಳೆಯದೋ ಎಂದು ಹೋಲಿಸಿದರಷ್ಟೇ ತಿಳಿಯುತ್ತದೆ. ಶಾಖದಿಂದ ಅಕ್ಷರ ಮೂಡುವ ಆ ಕಾಗದ ಕೆಲವೇ ವರ್ಷಗಳಲ್ಲಿ ಮಾಸಿ ಬಿಳಿಯಾಗುತ್ತದೆ. ಇಸಿಜಿ ಮಾಡಿಸಿದ ದಿನವೇ ಅದರ ಫೋಟೋ ತೆಗೆದು, ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಟ್ಟುಕೊಳ್ಳುವುದು ಯಾವ ಆ್ಯಪಿಗೂ ಕಾಯಬೇಕಿಲ್ಲದ ಕೆಲಸ.

ಈ ಕವರಿಗೆ ಬದಲಿಯಾಗಿ ಬಂದದ್ದು ಆಭಾ ಎಂಬ ಆರೋಗ್ಯ ಖಾತೆಯ ಸಂಖ್ಯೆ. 2020ರ ಆಗಸ್ಟ್ 15ರಂದು ಘೋಷಣೆಯಾಗಿ, 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿದ ಡಿಜಿಟಲ್ ಆರೋಗ್ಯ ಅಭಿಯಾನದಡಿ ಪ್ರತಿಯೊಬ್ಬರಿಗೂ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಹಲವರು ತಿಳಿದಂತೆ ನಮ್ಮ ಕಾಯಿಲೆಯ ವಿವರವೆಲ್ಲ ದೆಹಲಿಯ ಒಂದೇ ಕಂಪ್ಯೂಟರಿನಲ್ಲಿ ಕೂರುವುದಿಲ್ಲ. ದಾಖಲೆ ಆಯಾ ಆಸ್ಪತ್ರೆ, ಲ್ಯಾಬುಗಳಲ್ಲೇ ಇದ್ದು, ನಾವು ಒಪ್ಪಿಗೆ ಕೊಟ್ಟಾಗ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣಬೇಕು ಎಂಬುದು ಅದರ ವಿನ್ಯಾಸ. ವಿನ್ಯಾಸ ಒಳ್ಳೆಯದೇ. ಆದರೆ ಸಂಖ್ಯೆ ಪಡೆದವರ ದಾಖಲೆಗಳು ಅದಕ್ಕೆ ಜೋಡಣೆಯಾಗದಿದ್ದರೆ, ಆ ಸಂಖ್ಯೆ ಹೊರರೋಗಿ ಕೌಂಟರಿನಲ್ಲಿ ಟೋಕನ್ ಪಡೆಯಲಷ್ಟೇ ಬರುತ್ತದೆ. ಇನ್ನು ಒಪ್ಪಿಗೆಯ ಮಾತು: 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. ಊರಿನ ಮಟ್ಟದಲ್ಲಿ ಜನ ಅಂಜುವುದು ಮಾತ್ರ ದೂರದ ಕಂಪನಿಗಲ್ಲ, ಪಕ್ಕದ ಮನೆಗೆ. ಕ್ಷಯವೋ ಖಿನ್ನತೆಯೋ ಇದೆಯೆಂದು ತಿಳಿದರೆ ಮಗಳ ಮದುವೆ ಮಾತುಕತೆ ಮುರಿಯಬಹುದೆಂಬ ಭಯವಿರುವಲ್ಲಿ, ಓಟಿಪಿ ಹೇಳಿದ್ದೇ ಒಪ್ಪಿಗೆ ಎನಿಸಿಕೊಳ್ಳಬಾರದು.

ಈಗ ಮತ್ತೆ ಸಾವಿನ ಲೆಕ್ಕಕ್ಕೆ ಬರಬೇಕು, ಏಕೆಂದರೆ ಅತಿ ದುರ್ಬಲ ಕೊಂಡಿ ಅಲ್ಲಿದೆ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಆಸ್ಪತ್ರೆಯಲ್ಲಿ ತೀರಿಕೊಂಡರೆ ವೈದ್ಯರು ಕಾರಣವನ್ನು ಪ್ರಮಾಣೀಕರಿಸುತ್ತಾರೆ. ಮನೆಯಲ್ಲೋ ತೋಟದಲ್ಲೋ ತೀರಿಕೊಂಡರೆ, ಮನೆಯವರು ಹೇಳಿದ ಮಾತೇ ಬಹುಪಾಲು ಕಾರಣವಾಗುತ್ತದೆ, ಮತ್ತು ಹಠಾತ್ ಸಾವಿಗೆಲ್ಲ ಹೃದಯಾಘಾತ ಎಂಬ ಒಂದೇ ಹೆಸರು ಬೀಳುತ್ತದೆ. ಮರಣ ವರದಿಯ ನಮೂನೆ 2ರಲ್ಲಿ ಮೃತರ ಉದ್ಯೋಗವೇನು, ಧೂಮಪಾನವಿತ್ತೇ, ತಂಬಾಕು ಅಗಿಯುತ್ತಿದ್ದರೇ, ಅಡಿಕೆ ಅಥವಾ ಪಾನ್ ಮಸಾಲಾ ಅಗಿಯುತ್ತಿದ್ದರೇ, ಮದ್ಯಪಾನವಿತ್ತೇ, ಇದ್ದರೆ ಎಷ್ಟು ವರ್ಷ ಎಂಬ ಕಾಲಂಗಳಿವೆ. ಬದುಕಿದ್ದಾಗ ಆಶಾ ಕಾರ್ಯಕರ್ತೆ ಕೇಳಿದ ಪ್ರಶ್ನೆಗಳೂ ಬಹುಮಟ್ಟಿಗೆ ಇವೇ. ಆಶಾ ಕಾರ್ಯಕರ್ತೆ ತುಂಬಿದ್ದು ಆರೋಗ್ಯ ಇಲಾಖೆಯ ಆ್ಯಪಿಗೆ, ಮರಣ ವರದಿ ನೋಂದಣಿ ವ್ಯವಸ್ಥೆಗೆ ಹೋಗುತ್ತದೆ. ಇವೆರಡನ್ನು ಒಬ್ಬನೇ ವ್ಯಕ್ತಿಯ ಹೆಸರಿನಲ್ಲಿ ಜೋಡಿಸಿ ನೋಡಬಲ್ಲ ವ್ಯವಸ್ಥೆ ಇದ್ದಿದ್ದರೆ, ಹಾಸನದ ಪ್ರಶ್ನೆಗೆ ಬಹುಪಾಲು ಉತ್ತರ ಜಿಲ್ಲೆಯಲ್ಲೇ ಸಿಗುತ್ತಿತ್ತು. ಮೃತರಲ್ಲಿ ಆಟೋ ಮತ್ತು ಕ್ಯಾಬ್ ಚಾಲಕರ ಪಾಲು ಎದ್ದು ಕಂಡದ್ದನ್ನೂ ಸಾವುಗಳ ನಂತರ ಎಣಿಸಿ ತಿಳಿಯಬೇಕಾಗುತ್ತಿರಲಿಲ್ಲ.

ಸಮಿತಿಯ ವರದಿಯ ನಂತರ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಆಸ್ಪತ್ರೆಯ ಹೊರಗೆ ಸಂಭವಿಸಿದವಕ್ಕೆ ಮರಣೋತ್ತರ ಪರೀಕ್ಷೆ ನಡೆಯಬೇಕು ಎಂದು ಸರ್ಕಾರ ಪ್ರಕಟಿಸಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸಿ, ರಕ್ತ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ವಿಸ್ತರಿಸುವ ಮಾತೂ ಬಂತು. ಈ ಯೋಜನೆಯಲ್ಲಿ ಪ್ರತಿ ಇಸಿಜಿಯೂ ಡಿಜಿಟಲ್ ರೂಪದಲ್ಲೇ ಹುಟ್ಟುತ್ತದೆ. ಅದನ್ನು ರೋಗಿಯ ಆಭಾ ಸಂಖ್ಯೆಗೂ, ಅವರ ಊರಿನ ಉಪಕೇಂದ್ರದಲ್ಲಿರುವ ಪರಿಶೀಲನಾ ನಮೂನೆಗೂ ಜೋಡಿಸಲು ಹೊಸ ಯೋಜನೆಯೂ ಬೇಡ, ಹೊಸ ಆ್ಯಪೂ ಬೇಡ. ಈಗಿರುವ ವ್ಯವಸ್ಥೆಗಳ ನಡುವೆ ಒಂದು ಆದೇಶ, ಮತ್ತು ಆ ನಮೂದಿನ ಕೆಲಸಕ್ಕೆ ಸರಿಯಾದ ಸಮಯ ಹಾಗೂ ಸಂಬಳ ಪಡೆಯುವ ಕೈ ಬೇಕು.