ನಿಂಬೆಹಣ್ಣಿನ ಪುಡಿಯೊಳಗಿನ ಜ್ವರದ ಮಾತ್ರೆ

ಜುಲೈ, ಆಗಸ್ಟ್ ಬಂತೆಂದರೆ ತುಮಕೂರಿನ ನನ್ನ ಕ್ಲಿನಿಕ್ಕಿಗೆ ಕಾಯಿಲೆಯಿಲ್ಲದವರೂ ಬರತೊಡಗುತ್ತಾರೆ. ಮಗನಿಗೋ ಮಗಳಿಗೋ ವೀಸಾ ಆಗಿರುತ್ತದೆ. ಓದಲು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಟ ಮಕ್ಕಳ ಪರವಾಗಿ ತಂದೆ ತಾಯಿ ಒಂದು ಪಟ್ಟಿ ಹಿಡಿದು ಕುಳಿತಿರುತ್ತಾರೆ. ಜ್ವರಕ್ಕೆ ಹತ್ತು ಸ್ಟ್ರಿಪ್, ಶೀತಕ್ಕೆ ಐದು, ಹೊಟ್ಟೆ ಕೆಟ್ಟರೆ ಎರಡು, ಜೊತೆಗೆ "ಒಂದು ಕೋರ್ಸ್ ಆ್ಯಂಟಿಬಯಾಟಿಕ್ಕೂ ಇರಲಿ ಡಾಕ್ಟ್ರೇ, ಅಲ್ಲಿ ಚೀಟಿ ಇಲ್ಲದೆ ಕೊಡಲ್ವಂತೆ" ಎಂಬ ಬೇಡಿಕೆ. ಲಸಿಕೆಯ ದಾಖಲೆ, ಕನ್ನಡಕದ ಚೀಟಿ, ಹಲ್ಲಿನ ತಪಾಸಣೆ ಇವನ್ನೆಲ್ಲ ವೀಸಾ ಮಾಡಿಸಿಕೊಟ್ಟವರೇ ಹೇಳಿರುತ್ತಾರಾದ್ದರಿಂದ ನಾನು ಅತ್ತ ಹೋಗುವುದಿಲ್ಲ. ಪಟ್ಟಿಯ ಮೊದಲ ಸಾಲಿನಲ್ಲಿರುವ ಜ್ವರದ ಮಾತ್ರೆಯ ವಿಷಯವನ್ನಷ್ಟೇ ಪ್ರತಿ ವರ್ಷವೂ ಹೇಳುತ್ತೇನೆ. ಪ್ರತಿ ವರ್ಷವೂ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಕೇಳಿಸಿಕೊಂಡಿರುವುದಿಲ್ಲ.

ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಂಬುವು ಕಂಪನಿಗಳು ಇಟ್ಟ ಹೆಸರುಗಳು. ಒಳಗಿರುವ ಔಷಧ ಒಂದೇ, ಪ್ಯಾರಾಸಿಟಮಾಲ್. ಆಸ್ಟ್ರೇಲಿಯಾಕ್ಕೆ ಹೋದರೆ ಅದೇ ಔಷಧ ಪ್ಯಾನಡಾಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಅಮೆರಿಕದಲ್ಲಂತೂ ಟೈಲೆನಾಲ್ ಡಬ್ಬಿಯ ಮೇಲೆ ಪ್ಯಾರಾಸಿಟಮಾಲ್ ಎಂಬ ಪದವನ್ನು ಹುಡುಕಿದರೂ ಸಿಗದು, ಏಕೆಂದರೆ ಅಲ್ಲಿನವರು ಅದನ್ನು ಅಸಿಟಮಿನೋಫೆನ್ ಎನ್ನುತ್ತಾರೆ. ಇಷ್ಟಾದರೆ ಚಿಂತೆಯಿರಲಿಲ್ಲ. ಶೀತ, ನೆಗಡಿ, ಮೈಕೈ ನೋವಿಗೆಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸಿರಪ್ಪು, ಬಿಸಿನೀರಿಗೆ ಬೆರೆಸುವ ಪುಡಿ, ಬಣ್ಣದ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಇದೇ ಔಷಧ ಬೆರೆತಿರುತ್ತದೆ. ಅಮೆರಿಕದಲ್ಲಿ ರಾತ್ರಿ ಮಲಗುವ ಮುನ್ನ ಕುಡಿಯುವ ನೈಕ್ವಿಲ್ ಸಿರಪ್ಪಿನ ಒಂದು ಅಳತೆಯಲ್ಲಿ, ಎಂದರೆ 30 ಮಿ.ಲೀ.ನಲ್ಲಿ, 650 ಮಿ.ಗ್ರಾಂ ಇದೆ. ಅದು ಇಲ್ಲಿಂದ ಒಯ್ದ ಒಂದು ಡೋಲೋ 650ಕ್ಕೆ ಸಮ.

ಗುಬ್ಬಿ ಕಡೆಯ ಅಡಿಕೆ ತೋಟದ ಮನೆಯೊಂದರ ಹುಡುಗ ಇಂಗ್ಲೆಂಡಿನಲ್ಲಿ ಓದುತ್ತಿದ್ದ. ಗುರುತು ಸಿಗದಿರಲೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಚಳಿಗಾಲದ ಒಂದು ರಾತ್ರಿ ಹತ್ತೂವರೆಗೆ, ಎಂದರೆ ಅಲ್ಲಿನ ಸಂಜೆ ಐದಕ್ಕೆ, ಅವನ ತಾಯಿ ನನಗೆ ಫೋನ್ ಮಾಡಿ, ಮಗನಿಗೆ ಮೂರು ದಿನದಿಂದ ಜ್ವರ, ಇವತ್ತು ಜ್ವರ ಇಳಿದಿದೆ, ಆದರೆ ವಾಂತಿ ನಿಲ್ಲುತ್ತಿಲ್ಲ, ವಾಂತಿಗೆ ಒಂದು ಮಾತ್ರೆಯ ಹೆಸರು ಹೇಳಿ ಎಂದರು. ಏನೇನು ತೆಗೆದುಕೊಂಡಿದ್ದಾನೆಂದು ಕೇಳಿದೆ. ಆರು ಗಂಟೆಗೊಂದು ಡೋಲೋ. ಮತ್ತೇನೂ ಇಲ್ಲವೇ ಎಂದು ಮೂರನೆಯ ಸಲ ಕೇಳಿದಾಗ, ಅಲ್ಲಿನ ಸ್ನೇಹಿತರು ತಂದುಕೊಟ್ಟ ನಿಂಬೆಹಣ್ಣಿನ ಪುಡಿಯನ್ನು ಬಿಸಿನೀರಿಗೆ ಹಾಕಿ ದಿನಕ್ಕೆ ನಾಲ್ಕು ಸಲ ಕುಡಿಯುತ್ತಿದ್ದಾನೆ ಎಂಬುದು ಹೊರಬಿತ್ತು. "ಅದ್ರಲ್ಲಿ ಮಾತ್ರೆ ಎಲ್ಲೈತೆ ಡಾಕ್ಟ್ರೇ, ಬರೀ ಪಾನಕ ಇದ್ದಂಗೈತಂತೆ" ಎಂದರು ಆ ತಾಯಿ. ಪೊಟ್ಟಣದ ಹಿಂಬದಿಯ ಫೋಟೋ ತರಿಸಿ ನೋಡಿದರೆ ಒಂದೊಂದರಲ್ಲೂ ಪ್ಯಾರಾಸಿಟಮಾಲ್ 1000 ಮಿ.ಗ್ರಾಂ.

ಲೆಕ್ಕ ಹಾಕಿ. 650ರ ನಾಲ್ಕು ಮಾತ್ರೆಗೆ 2600, 1000ದ ನಾಲ್ಕು ಪೊಟ್ಟಣಕ್ಕೆ 4000, ಒಟ್ಟು ದಿನಕ್ಕೆ 6600 ಮಿ.ಗ್ರಾಂ. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ ಮೀರಬಾರದ ಮಿತಿ 4000. ಅದು ಕೊನೆಯ ಗೆರೆಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ತೂಕ 50 ಕೆ.ಜಿ.ಗಿಂತ ಕಡಿಮೆಯಿದ್ದವರಿಗೆ, ಮದ್ಯ ಕುಡಿಯುವ ರೂಢಿಯಿದ್ದವರಿಗೆ, ಜ್ವರವೆಂದು ಎರಡು ದಿನ ಊಟ ಬಿಟ್ಟು ಮಲಗಿದವರಿಗೆ ಆ ಗೆರೆ ಇನ್ನೂ ಕೆಳಗೇ ಇರಬಹುದು. ಈ ಔಷಧವನ್ನು ಲಿವರ್ ಕರಗಿಸುವಾಗ ಹುಟ್ಟುವ ಅಲ್ಪ ಪ್ರಮಾಣದ ವಿಷವನ್ನು ಶಮನ ಮಾಡಲು ಗ್ಲುಟಥಯೋನ್ ಎಂಬ ದಾಸ್ತಾನು ಲಿವರಿನಲ್ಲೇ ಇರುತ್ತದೆ. ಹೊಟ್ಟೆಗೆ ಅನ್ನವಿಲ್ಲದಿದ್ದರೆ ಆ ದಾಸ್ತಾನೂ ತಗ್ಗಿರುತ್ತದೆ, ಅದು ಮುಗಿದ ಮೇಲೆ ವಿಷ ಲಿವರನ್ನೇ ಸುಡುತ್ತದೆ. ಇದರಲ್ಲಿ ನನ್ನನ್ನು ಹೆದರಿಸುವುದು ಅದರ ಮೌನ. ಮೊದಲ ದಿನ ಸ್ವಲ್ಪ ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಹಾನಿ ಬಲಿಯುವುದು ಎರಡನೆಯ, ಮೂರನೆಯ ದಿನ. ಆದ್ದರಿಂದ "ಚೆನ್ನಾಗೇ ಇದ್ದೀನಲ್ಲ" ಎಂಬ ಮಾತಿಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಆ ಹುಡುಗನನ್ನು ಅಂದೇ ಆಸ್ಪತ್ರೆಗೆ ಸೇರಿಸಿಕೊಂಡು, ರಕ್ತ ಪರೀಕ್ಷೆ ಮಾಡಿ, ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವನ್ನು ಡ್ರಿಪ್ಪಿನಲ್ಲಿ ಕೊಟ್ಟರು, ಗುಣವಾಯಿತು. ಎಲ್ಲರ ವಿಷಯದಲ್ಲೂ ಹೀಗೆಯೇ ಮುಗಿಯುತ್ತದೆಂದು ನಾನು ಹೇಳಲಾರೆ.

ಬ್ರಿಟನ್ನಿನಲ್ಲಿ 1998ರಿಂದ ಸಾಮಾನ್ಯ ಅಂಗಡಿಗಳು ಈ ಮಾತ್ರೆಯನ್ನು 16ಕ್ಕಿಂತ ದೊಡ್ಡ ಪೊಟ್ಟಣದಲ್ಲಿ ಮಾರುವಂತಿಲ್ಲ. ಅತಿಯಾಗಿ ನುಂಗುವುದನ್ನು ತಡೆಯಲೆಂದೇ ಆ ನಿಯಮ. ನಾವು ಇಲ್ಲಿಂದ ಸೂಟ್‌ಕೇಸಿನಲ್ಲಿ 150 ತುಂಬಿ ಕಳಿಸುತ್ತೇವೆ. ಅದೂ ಹೇಗೆ? ಜಾಗ ಉಳಿಯಲೆಂದು ಡಬ್ಬಿಗಳನ್ನೆಲ್ಲ ಎಸೆದು, ಸ್ಟ್ರಿಪ್ಪುಗಳನ್ನು ಕತ್ತರಿಯಿಂದ ತುಂಡರಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಮೇಲೆ ಮಾರ್ಕರಿನಲ್ಲಿ "ಜ್ವರ" ಎಂದು ಬರೆದು. ಔಷಧದ ಹೆಸರು, ಪ್ರಮಾಣ, ಅವಧಿ ಮುಗಿಯುವ ತಿಂಗಳು ಮೂರೂ ಅಚ್ಚಾಗಿದ್ದ ತುದಿ ಕಸದ ಬುಟ್ಟಿ ಸೇರಿರುತ್ತದೆ. ದೂರದೂರಿನ ವೈದ್ಯರ ಮುಂದೆ ಮಗು ಆ ಬೆಳ್ಳಿ ತುಣುಕನ್ನು ಹಿಡಿದು ನಿಂತರೆ, ಅವರಿಗೆ ಅದರಿಂದ ಏನೂ ತಿಳಿಯದು. ಇಡೀ ಸ್ಟ್ರಿಪ್ ಇರಲಿ, ಡಬ್ಬಿಯೊಂದಿಗಿರಲಿ, ಜೊತೆಗೆ ವೈದ್ಯರ ಚೀಟಿಯಿರಲಿ. ಜ್ವರಕ್ಕೆ ಒಂದು ಸ್ಟ್ರಿಪ್ ಧಾರಾಳವಾಗಿ ಸಾಕು. ಆ್ಯಂಟಿಬಯಾಟಿಕ್ ನಾನು ಬರೆದುಕೊಡುವುದಿಲ್ಲ. ಈ ಒಂದು ಕಾರಣಕ್ಕೆ ಸಿಟ್ಟಾಗಿ ಎದ್ದುಹೋದವರೂ ಇದ್ದಾರೆ.

ಅಲ್ಲಿ ಡಾಕ್ಟರ ಹತ್ತಿರ ಹೋದರೆ ಆಸ್ತಿ ಕರಗುತ್ತದೆಂಬ ಭಯ ಇದಕ್ಕೆಲ್ಲ ಮೂಲ. ಅಮೆರಿಕದ ಮಟ್ಟಿಗೆ ಆ ಭಯ ಪೂರ್ತಿ ಸುಳ್ಳಲ್ಲ. ಅಲ್ಲಿಯೂ ಕಾಲೇಜಿನದೇ ಆರೋಗ್ಯ ಕೇಂದ್ರವಿದ್ದರೆ ಮೊದಲು ಅಲ್ಲಿಗೆ ಹೋಗಬಹುದು, ವಿಮೆಯ ಕರಾರನ್ನು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಓದಿಟ್ಟುಕೊಳ್ಳಬೇಕು. ಬ್ರಿಟನ್ನಿನ ವಿದ್ಯಾರ್ಥಿಗಳಾದರೋ 2024ರ ಫೆಬ್ರವರಿಯಿಂದ ವೀಸಾ ಅರ್ಜಿಯ ಜೊತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿ ಹೋಗುತ್ತಿದ್ದಾರೆ. ಅಷ್ಟು ಹಣ ತೆತ್ತು, ಊರಿನ ಡಾಕ್ಟರಿಗೆ ನಡುರಾತ್ರಿ ವಾಟ್ಸಾಪ್ ಮಾಡುವ ಈ ಜಾಣತನ ನನಗೆ ಅರ್ಥವಾಗಿಲ್ಲ. ನನ್ನ ಮೇಲಿನ ವಿಶ್ವಾಸಕ್ಕೆ ನಾನು ಋಣಿ. ಆದರೆ ಫೋನಿನಲ್ಲಿ ನಾನು ಹೊಟ್ಟೆ ಮುಟ್ಟಿ ನೋಡಲಾರೆ.

ಲೆಕ್ಕ ತಪ್ಪಿದೆಯೆಂಬ ಅನುಮಾನ ಬಂದ ಕೂಡಲೇ, ವಾಂತಿಯಾಗಲೆಂದು ಕಾಯದೆ, ಬ್ರಿಟನ್ನಿನಲ್ಲಿ 111ಕ್ಕೆ, ಅಮೆರಿಕದಲ್ಲಿ ವಿಷ ಸಹಾಯವಾಣಿ 1-800-222-1222ಕ್ಕೆ, ಆಸ್ಟ್ರೇಲಿಯಾದಲ್ಲಿ 13 11 26ಕ್ಕೆ ಕರೆ ಮಾಡಬೇಕು. ಪ್ರತ್ಯೌಷಧದ ಗುಣ, ಅತಿಯಾಗಿ ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಅತಿ ಹೆಚ್ಚು. ಎಷ್ಟು ಮಾತ್ರೆ, ಎಷ್ಟು ಮಿ.ಗ್ರಾಂ, ಯಾವ ಹೊತ್ತಿಗೆ ಎಂಬ ಮೂರು ಪ್ರಶ್ನೆ ಬಂದೇ ಬರುತ್ತವೆ. ಖಾಲಿ ಸ್ಟ್ರಿಪ್ಪು, ಪೊಟ್ಟಣಗಳನ್ನು ಎದುರಿಗಿಟ್ಟುಕೊಂಡೇ ಫೋನ್ ಎತ್ತಿಕೊಳ್ಳಿ. ಕಸದ ಬುಟ್ಟಿಗೆ ಹಾಕಿದ್ದರೆ ಬುಟ್ಟಿಯನ್ನು ಸುರುವಿ ಎಣಿಸಿಕೊಳ್ಳಿ.